ನಿದಾನವನ್ನರಸಿ ಪರಸ್ಥಳಕ್ಕೆ: ಮಂಡ್ಯ ಸೀಮೆಯ ರೋಗಿಗಳ ಪ್ರಯಾಣದ ಚರಿತ್ರೆ

ರೋಗವು ಬಂದಾಗ ಮನುಷ್ಯನು ಊರು ಬಿಟ್ಟು ಹೊರಡುವುದು ಹೊಸ ವಾಡಿಕೆಯಲ್ಲ. ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಮನೆಗಳಲ್ಲಿ ಮೈಗೆ ಸ್ವಸ್ಥವಿಲ್ಲದವರಿದ್ದರೆ ನಂಜನಗೂಡಿನ ಶ್ರೀಕಂಠೇಶ್ವರನಿಗೆ ಹರಕೆ ಹೊರುವುದೂ, ಕಪಿಲೆಯಲ್ಲಿ ಮಿಂದು ಉರುಳುಸೇವೆ ಸಲ್ಲಿಸುವುದೂ ತಲೆತಲಾಂತರದಿಂದ ನಡೆದುಬಂದಿದೆ. ಟಿಪ್ಪು ಸುಲ್ತಾನನ ಆನೆಯೊಂದರ ಕಣ್ಣಿನ ಬೇನೆಯು ಈ ದೇವರ ಅನುಗ್ರಹದಿಂದ ವಾಸಿಯಾಯಿತೆಂದೂ, ಅಂದಿನಿಂದ ಸುಲ್ತಾನನು ಈತನನ್ನು ಹಕೀಂ ನಂಜುಂಡನೆಂದು ಕರೆದನೆಂದೂ ಐತಿಹ್ಯವುಂಟು. ಹಕೀಮನೆಂದರೆ ವೈದ್ಯ. ದೇವರನ್ನೇ ವೈದ್ಯನೆಂದು ಕರೆದು, ಆತನಿದ್ದೆಡೆಗೆ ನಡೆದುಹೋದ ಜನರಿವರು.

ಹರಕೆಯ ದಾರಿಯಂತೆಯೇ ಕೈಗುಣದ ದಾರಿಯೂ ಒಂದಿತ್ತು. ಮರದಿಂದ ಬಿದ್ದೋ ಗಾಡಿ ಮಗುಚಿಯೋ ಮೂಳೆ ಮುರಿದುಕೊಂಡವರು ತಿರುಪತಿಗೆ ಸಮೀಪದ ಪುತ್ತೂರಿಗೆ ಹೋಗಿ ಅಲ್ಲಿಯ ಕಟ್ಟು ಹಾಕಿಸಿಕೊಂಡು ಬರುವುದು ಕನ್ನಡ ನಾಡಿನಲ್ಲಿಯೂ ಬಹುಕಾಲದಿಂದ ರೂಢಿಯಲ್ಲಿದೆ. ಪುತ್ತೂರು ಇರುವುದು ತೆಲುಗು ಸೀಮೆಯಲ್ಲಿ; ಭಾಷೆ ಬೇರೆ, ಪ್ರಾಂತ ಬೇರೆ. ಆದರೂ ಜನರು ಹೋದುದಕ್ಕೆ ಎರಡೇ ಕಾರಣ: ಆ ಕೈಯ ಮೇಲೆ ನಂಬುಗೆಯಿತ್ತು, ಅದಕ್ಕೆ ತೆರಬೇಕಾದ ಹಣ ಅಲ್ಪವಾಗಿತ್ತು. ಇಂದು ಒಂದು ಸ್ಕ್ಯಾನಿಗಾಗಿ, ಒಬ್ಬ ತಜ್ಞರ ಅಭಿಪ್ರಾಯಕ್ಕಾಗಿ ಸಮುದ್ರವನ್ನೂ ದಾಟಿ ಹೋಗುವವರ ಮನಸ್ಸನ್ನು ಬಿಡಿಸಿ ನೋಡಿದರೆ ಈ ಎರಡು ಕಾರಣಗಳೇ ಅಲ್ಲಿಯೂ ಕಾಣಸಿಗುವುವು. ಮಂಡ್ಯ ಸೀಮೆಯ ರೋಗಿಗಳು ಕಳೆದ ಒಂದೂಕಾಲು ಶತಮಾನಕ್ಕೂ ಮಿಗಿಲಾದ ಕಾಲದಲ್ಲಿ ನಡೆದ ದಾರಿಯನ್ನು ನೋಡುವುದರಿಂದ ಈ ಮಾತು ಸ್ಪಷ್ಟವಾಗುವುದು.

ಪ್ರಾಚೀನರು ಚಿಕಿತ್ಸೆಗಿಂತ ಮೊದಲು ನಿದಾನವನ್ನಿಟ್ಟರು. ರೋಗದ ಮೂಲವಾವುದು, ಸ್ವರೂಪವಾವುದು ಎಂಬ ನಿಶ್ಚಯವೇ ನಿದಾನ. ಮಾಧವಕರನು ಇದೊಂದು ವಿಷಯಕ್ಕಾಗಿಯೇ ಒಂದು ಗ್ರಂಥವನ್ನು ರಚಿಸಿದನು. ಅದು ಮಾಧವನಿದಾನವೆಂದು ಪ್ರಸಿದ್ಧವಾಗಿದೆ. ದರ್ಶನ, ಸ್ಪರ್ಶನ, ಪ್ರಶ್ನ ಎಂಬ ಮೂರು ವಿಧದ ಪರೀಕ್ಷೆಗಳನ್ನು ಆಯುರ್ವೇದವು ಹೇಳುತ್ತದೆ. ನೋಡುವುದಕ್ಕೆ ಕಣ್ಣು, ಮುಟ್ಟುವುದಕ್ಕೆ ಕೈ, ಕೇಳುವುದಕ್ಕೆ ಮಾತು, ಇವಿಷ್ಟೇ ಅಂದಿನ ಉಪಕರಣಗಳು. ವೈದ್ಯನು ಇವನ್ನು ತನ್ನೊಡನೆಯೇ ಹೊತ್ತು ತಿರುಗುತ್ತಿದ್ದುದರಿಂದ ನಿದಾನವು ರೋಗಿಯ ಮನೆಯ ಜಗುಲಿಗೇ ಬರುತ್ತಿದ್ದಿತು. ಉಪಕರಣಗಳು ಭಾರವಾದಂತೆಲ್ಲ ವೈದ್ಯನು ನಿಂತಲ್ಲಿಯೇ ನಿಂತನು, ರೋಗಿಯು ನಡೆಯತೊಡಗಿದನು. ಈ ಚರಿತ್ರೆಯ ಸಾರವನ್ನು ಇಷ್ಟರಲ್ಲಿಯೇ ಹೇಳಬಹುದು.

ಆ ನಡಿಗೆಗೆ ಮೊದಲು ಅನುಕೂಲವಾದುದು ರೈಲು. ಧಾತು ಈಶ್ವರ ಸಂವತ್ಸರಗಳ ಘೋರ ಕ್ಷಾಮದ ತರುವಾಯ ಮೈಸೂರು ಸಂಸ್ಥಾನದಲ್ಲಿ ಕೈಗೊಂಡ ಕೆಲಸಗಳಲ್ಲಿ ಬೆಂಗಳೂರು ಮೈಸೂರು ರೈಲುಮಾರ್ಗವೂ ಒಂದು. 1881-82ರಲ್ಲಿ ಅದು ಮದ್ದೂರು ಮಂಡ್ಯಗಳ ಮೂಲಕ ಹಾದು ಮೈಸೂರನ್ನು ಮುಟ್ಟಿತು. ಅದುವರೆಗೆ ಎತ್ತಿನ ಗಾಡಿಯಲ್ಲಿ ಹುಲ್ಲು ಹಾಸಿ ಮಲಗಿಸಿಕೊಂಡು ದಿನಗಟ್ಟಲೆ ಸಾಗಿಸಬೇಕಾಗಿದ್ದ ರೋಗಿಯನ್ನು ಒಂದೇ ದಿನದಲ್ಲಿ ರಾಜಧಾನಿಗೆ ಒಯ್ಯುವುದು ಸಾಧ್ಯವಾಯಿತು. ಮಳವಳ್ಳಿಯವರಿಗೆ ಮಾತ್ರ ಈ ಭಾಗ್ಯವಿರಲಿಲ್ಲ. ಅವರು ಮೊದಲು ಮದ್ದೂರಿಗೋ ಮಂಡ್ಯಕ್ಕೋ ಗಾಡಿ ಕಟ್ಟಬೇಕು. ಅಲ್ಲಿಂದ ಮುಂದೆ ರೈಲು. ಇಂದಿಗೂ ಮಳವಳ್ಳಿಯ ಪೇಟೆಗೆ ರೈಲು ಬಂದಿಲ್ಲ.

ದಾರಿಯ ಎರಡು ಕೊನೆಗಳಲ್ಲಿಯೂ ಕ್ರಮವಾಗಿ ಆಸ್ಪತ್ರೆಗಳು ಎದ್ದುವು. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯನ್ನು 1900ನೆಯ ಇಸವಿ ಡಿಸೆಂಬರಿನಲ್ಲಿ ಅಂದಿನ ವೈಸರಾಯ್ ಲಾರ್ಡ್ ಕರ್ಜನ್ ತೆರೆದನು. ಮೈಸೂರಿನಲ್ಲಿ 1906ರಲ್ಲಿ ಮೇರಿ ಹೋಲ್ಡ್ಸ್‌ವರ್ತ್ ಎಂಬಾಕೆಯ ಸ್ಮರಣೆಗಾಗಿ ಆಸ್ಪತ್ರೆಯೊಂದು ಆರಂಭವಾಯಿತು. ಜನರು ಅದನ್ನು ಮಿಷನ್ ಆಸ್ಪತ್ರೆಯೆಂದೇ ಕರೆದರು. 1913ರಲ್ಲಿ ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆಗೆ ಈಗಿನ ಭವ್ಯವಾದ ಕಟ್ಟಡವು ದೊರೆಯಿತು. ಮೈಸೂರಿನ ಕೃಷ್ಣರಾಜೇಂದ್ರ ಆಸ್ಪತ್ರೆಯು ಇಂದಿಗೂ ಮಂಡ್ಯದವರ ಬಾಯಲ್ಲಿ ದೊಡ್ಡಾಸ್ಪತ್ರೆ. ಊರಿನ ಪಂಡಿತರ ಕಷಾಯಕ್ಕೆ ಬಗ್ಗದ ರೋಗವನ್ನು ದೊಡ್ಡಾಸ್ಪತ್ರೆಯಲ್ಲಿ ತೋರಿಸುವುದೆಂಬ ಮಾತು ಹೀಗೆ ಮನೆಮಾತಾಯಿತು. ಇಲ್ಲಿ ತೋರಿಸುವುದು ಎಂಬ ಶಬ್ದವನ್ನು ಗಮನಿಸಬೇಕು. ವಾಸಿಮಾಡಿಸುವುದೆಂದು ಜನರು ಹೇಳಲಿಲ್ಲ. ಮೊದಲು ತೋರಿಸಬೇಕು, ಕಂಡವರು ಏನೆಂದು ಹೇಳಬೇಕು, ಮಿಕ್ಕದ್ದು ಅನಂತರ.

ಈ ಕಾಲದಲ್ಲಿಯೇ ಕಣ್ಣಿಗೆ ಕಾಣದುದನ್ನು ಕಾಣಿಸುವ ಹೊಸ ಬೆಳಕೊಂದು ಲೋಕಕ್ಕೆ ಬಂದಿತು. ಜರ್ಮನಿ ದೇಶದ ವುರ್ಟ್ಸ್‌ಬರ್ಗಿನಲ್ಲಿ ಪ್ರಾಧ್ಯಾಪಕನಾಗಿದ್ದ ರಂಟ್‌ಜನ್ 1895ನೆಯ ನವೆಂಬರಿನಲ್ಲಿ ಕ್ಷ-ಕಿರಣವನ್ನು ಕಂಡುಹಿಡಿದು, ತನ್ನ ಪತ್ನಿಯ ಕೈಮೂಳೆಗಳ ಛಾಯೆಯನ್ನು ಅದರಲ್ಲಿಯ ಉಂಗುರ ಸಹಿತ ಚಿತ್ರಿಸಿ ತೋರಿಸಿದನು. 1901ರಲ್ಲಿ ಭೌತಶಾಸ್ತ್ರದ ಮೊತ್ತಮೊದಲ ನೊಬೆಲ್ ಪಾರಿತೋಷಕವು ಆತನಿಗೆ ಸಂದಿತು. ದರ್ಶನ ಪರೀಕ್ಷೆಯ ಅರ್ಥವೇ ಅಂದಿನಿಂದ ಬದಲಾಯಿತೆನ್ನಬೇಕು. ಚರ್ಮದ ಮೇಲೆ ನಿಲ್ಲುತ್ತಿದ್ದ ದೃಷ್ಟಿಯು ಮೂಳೆಯವರೆಗೆ ಇಳಿಯಿತು. ಆದರೆ ಕ್ಷ-ಕಿರಣಕ್ಕೆ ವಿದ್ಯುಚ್ಛಕ್ತಿ ಬೇಕು.

ಆ ವಿದ್ಯುಚ್ಛಕ್ತಿಯು ಹುಟ್ಟಿದುದು ಮಳವಳ್ಳಿ ತಾಲ್ಲೂಕಿನಲ್ಲಿಯೇ. 1902ರಲ್ಲಿ ಶಿವನಸಮುದ್ರದ ಕಾವೇರಿ ಜಲಪಾತದಿಂದ ಉತ್ಪಾದಿಸಿದ ಶಕ್ತಿಯನ್ನು ತಂತಿಗಳ ಮೂಲಕ ಕೋಲಾರದ ಚಿನ್ನದ ಗಣಿಗಳಿಗೆ ಸಾಗಿಸಲಾಯಿತು. 1905ರಲ್ಲಿ ಬೆಂಗಳೂರಿಗೂ, 1908ರಲ್ಲಿ ಮೈಸೂರಿಗೂ ಅದರಿಂದ ದೀಪ ಬಂದಿತು. ಜಲಪಾತದ ಸುತ್ತಲಿನ ಹಳ್ಳಿಗಳಲ್ಲಿ ಹರಳೆಣ್ಣೆಯ ಸೊಡರೇ ಉರಿಯುತ್ತಿದ್ದ ಕಾಲದಲ್ಲಿ, ಅಲ್ಲಿಯ ನೀರಿನ ಬಲವು ನೂರು ಮೈಲಿ ದೂರದಲ್ಲಿ ಗಣಿಯ ಯಂತ್ರಗಳನ್ನು ತಿರುಗಿಸುತ್ತಿದ್ದಿತು. ಹೀಗೆ ಮಳವಳ್ಳಿಯ ಶಕ್ತಿಯು ತಂತಿಯ ಮೇಲೆ ಪಟ್ಟಣಕ್ಕೆ ಮೊದಲು ಹೋಯಿತು. ಮಳವಳ್ಳಿಯ ರೋಗಿಯು ಅದನ್ನು ಹಿಂಬಾಲಿಸಿ ಗಾಡಿಯಲ್ಲಿಯೂ ರೈಲಿನಲ್ಲಿಯೂ ಹೋಗಬೇಕಾಯಿತು. ದೂಷಣೆಗಾಗಿ ಈ ಮಾತನ್ನೆತ್ತಬೇಕಾಗಿಲ್ಲ. ಶಕ್ತಿಯೂ ವಿದ್ಯೆಯೂ ಹುಟ್ಟಿದ ನೆಲದಲ್ಲಿಯೇ ಫಲಿಸಬೇಕೆಂಬ ನಿಯಮವಿಲ್ಲವೆಂಬುದಕ್ಕೆ ಇದು ಮೊದಲನೆಯ ನಿದರ್ಶನ.

ಇದಕ್ಕೆ ಎದುರಾದ ನಿದರ್ಶನವೂ ಈ ಜಿಲ್ಲೆಯ ಚರಿತ್ರೆಯಲ್ಲಿಯೇ ಉಂಟು. 1911ರಲ್ಲಿ ಆರಂಭವಾದ ಕೃಷ್ಣರಾಜಸಾಗರದ ಕಟ್ಟೆಯು ಎರಡು ದಶಕಗಳಲ್ಲಿ ಮುಗಿದು, ಇರ್ವಿನ್ ನಾಲೆಯ ನೀರು ಮಂಡ್ಯದ ಬಯಲಿಗೆ ಹರಿಯಿತು. ಆ ನಾಲೆಗೆ ಈಗ ವಿಶ್ವೇಶ್ವರಯ್ಯನವರ ಹೆಸರಿದೆ. ರಾಗಿಯ ಹೊಲಗಳು ಬತ್ತದ ಗದ್ದೆಗಳಾದುವು, ಕಬ್ಬು ಬೆಳೆಯಿತು, 1933ರಲ್ಲಿ ಸಕ್ಕರೆಯ ಕಂಪನಿಯು ಸ್ಥಾಪಿತವಾಯಿತು, 1939ರಲ್ಲಿ ಮಂಡ್ಯವು ಬೇರೆ ಜಿಲ್ಲೆಯೇ ಆಯಿತು. ಆದರೆ ನೀರಿನೊಡನೆ ಸೊಳ್ಳೆಯೂ, ಸೊಳ್ಳೆಯೊಡನೆ ಚಳಿಜ್ವರವೂ ಬಂದುವು. ನಾಲೆಯ ಬಯಲಿನಲ್ಲಿ ಮಲೇರಿಯಾ ಹಬ್ಬಿ, ಕೂಲಿಗೆ ಆಳು ಸಿಕ್ಕದಷ್ಟರ ಮಟ್ಟಿಗೆ ಊರುಗಳು ನರಳಿದುವು.

ಆಗ ಸರ್ಕಾರವು ರೋಗಿಗಳನ್ನು ಮೈಸೂರಿಗೆ ಕರೆಯಲಿಲ್ಲ. ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ತಜ್ಞರ ಸಹಕಾರದೊಡನೆ ಸಂಸ್ಥಾನದಲ್ಲಿ ಮಲೇರಿಯಾ ಸಂಶೋಧನೆಯ ಠಾಣ್ಯಗಳನ್ನು ತೆರೆಯಿತು. ಅವುಗಳಲ್ಲೊಂದು ಶ್ರೀರಂಗಪಟ್ಟಣದ ಬಳಿಯ ನಾಗೇನಹಳ್ಳಿಯಲ್ಲಿದ್ದಿತು. ಮಕ್ಕಳ ಹೊಟ್ಟೆಯನ್ನು ಮುಟ್ಟಿ ಗುಲ್ಮದ ಗಾತ್ರವನ್ನು ಅಳೆಯುವುದು, ಬೆರಳ ತುದಿಯ ಒಂದು ತೊಟ್ಟು ರಕ್ತವನ್ನು ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದ ಕೆಳಗೆ ನೋಡುವುದು, ಯಾವ ಜಾತಿಯ ಸೊಳ್ಳೆ ಯಾವ ನೀರಿನಲ್ಲಿ ಮರಿಮಾಡುವುದೆಂದು ಪರಿಶೀಲಿಸುವುದು, ಇವು ಇಂಥ ಠಾಣ್ಯಗಳ ಕೆಲಸ. ಇಲ್ಲಿ ಉಪಕರಣವು ಹಗುರವಾಗಿತ್ತು. ಅದೇ ಹಳ್ಳಿಗೆ ಬಂದಿತು. ನಿದಾನವು ಸಮೀಪಕ್ಕೆ ಬಂದುದರಿಂದ ಕ್ವಿನೈನನ್ನು ಕೊಡುವುದೂ ನೀರನ್ನು ಬಸಿಯುವುದೂ ಎಲ್ಲೆಲ್ಲಿ ಅವಶ್ಯಕವೆಂದು ತಿಳಿಯಿತು. ಒಂದು ರೋಗವನ್ನು ಇಡೀ ಸೀಮೆಯಿಂದ ಹಿಮ್ಮೆಟ್ಟಿಸುವುದು ಸಾಧ್ಯವಾದ ಬಗೆ ಇದು.

ಎಲ್ಲ ರೋಗಗಳೂ ಗಾಜಿನ ಮೇಲಿನ ತೊಟ್ಟಿನಲ್ಲಿ ಕಾಣುವಂಥವಲ್ಲ. ಕ್ಷಯರೋಗಿಗೆ ಅಂದು ಇದ್ದ ಉಪಾಯವೆಂದರೆ ಶುದ್ಧ ವಾಯು, ವಿಶ್ರಾಂತಿ, ಪುಷ್ಟಿಕರವಾದ ಆಹಾರ. ನಾಲ್ವಡಿ ಕೃಷ್ಣರಾಜ ಒಡೆಯರ ಸಹೋದರಿ ಕೃಷ್ಣಾಜಮ್ಮಣ್ಣಿಯವರು ಈ ರೋಗದಿಂದಲೇ ತೀರಿಕೊಂಡರು. ಅವರ ಹೆಸರಿನಲ್ಲಿ ಮೈಸೂರಿನಲ್ಲಿ ಕ್ಷಯಾರೋಗ್ಯಧಾಮವು ಸ್ಥಾಪಿತವಾಯಿತು. ಅರಮನೆಯ ಗೋಡೆಯೂ ತಡೆಯಲಾರದ ರೋಗಕ್ಕೆ ಸಾಮಾನ್ಯರಿಗಾಗಿ ಎದ್ದ ಮನೆಯದು. ಸಂಸ್ಥಾನದ ಗಡಿಯಾಚೆ ಮದನಪಲ್ಲಿಯ ಸಮೀಪದ ಆರೋಗ್ಯವರದಲ್ಲಿಯೂ ಮಿಷನರಿಗಳು ಕಟ್ಟಿದ ಕ್ಷಯಾರೋಗ್ಯಧಾಮವಿದ್ದಿತು. ದಕ್ಷಿಣ ಭಾರತದ ನಾನಾ ಭಾಷೆಗಳ ರೋಗಿಗಳು ಅಲ್ಲಿ ತಿಂಗಳುಗಟ್ಟಲೆ ಒಂದೇ ಜಗುಲಿಯಲ್ಲಿ ಮಲಗಿ ಬಿಸಿಲು ಕಾಯಿಸಿಕೊಂಡರು.

ಗಡಿಯಾಚೆಯ ಹೆಸರುಗಳಲ್ಲಿ ಮಿಕ್ಕೆಲ್ಲವನ್ನೂ ಮೀರಿಸಿದುದು ವೇಲೂರು. ಐಡಾ ಸ್ಕಡರ್ ಎಂಬ ಅಮೆರಿಕದ ವೈದ್ಯೆಯು 1900ರಲ್ಲಿ ಒಂದೇ ಹಾಸಿಗೆಯ ಚಿಕಿತ್ಸಾಲಯವಾಗಿ ಆರಂಭಿಸಿದ ಆ ಸಂಸ್ಥೆಯು 1918ರಲ್ಲಿ ಸ್ತ್ರೀಯರ ವೈದ್ಯಶಾಲೆಯನ್ನು ತೆರೆಯಿತು. 1949ರಲ್ಲಿ ಜೇಕಬ್ ಚಾಂಡಿಯವರು ಅಲ್ಲಿ ನರಶಸ್ತ್ರಚಿಕಿತ್ಸೆಯ ವಿಭಾಗವನ್ನು ಸ್ಥಾಪಿಸಿದರು. 1961ರಲ್ಲಿ ಹೃದಯವನ್ನು ತೆರೆದು ಮಾಡುವ ಶಸ್ತ್ರಚಿಕಿತ್ಸೆಯು ಭಾರತದಲ್ಲಿ ಮೊದಲಿಗೆ ಅಲ್ಲಿಯೇ ನಡೆಯಿತು. ಮೈಸೂರು ಸಂಸ್ಥಾನದ ಪ್ರಜೆಗೆ ವೇಲೂರು ಬ್ರಿಟಿಷರ ಮದರಾಸು ಪ್ರಾಂತದ ಊರು. ಅಂದಿನ ಅರ್ಥದಲ್ಲಿ ಅದು ಪರರಾಜ್ಯವೇ ಸರಿ. ಕಾಟ್ಪಾಡಿಯ ನಿಲ್ದಾಣದಲ್ಲಿಳಿದು, ತಮಿಳು ಬಾರದೆ ಕೈಸನ್ನೆಯಿಂದ ದಾರಿ ಕೇಳಿಕೊಂಡು ಹೋಗುವ ಕನ್ನಡಿಗರ ಸಾಲು ರಾಜ್ಯಗಳ ಗಡಿಗಳು ಬದಲಾದ ಮೇಲೂ ನಿಲ್ಲಲಿಲ್ಲ. ಬೆಂಗಳೂರನ್ನು ದಾಟಿ ವೇಲೂರಿಗೆ ಹೋಗುವುದೇಕೆಂದು ಕೇಳಿದರೆ, ಅಲ್ಲಿ ಸರಿಯಾಗಿ ಹೇಳುತ್ತಾರೆಂಬುದೇ ಉತ್ತರ. ಅಲ್ಲಿಯ ಔಷಧಿಯ ಮಾತನ್ನು ಯಾರೂ ಮೊದಲು ಎತ್ತರು. ಅಲ್ಲಿಯ ಮಾತಿನ ಮೇಲಿನ ನಂಬುಗೆಯೇ ಜನರನ್ನು ಅಷ್ಟು ದೂರ ಎಳೆಯಿತು.

ಸ್ಕ್ಯಾನ್ ಎಂದು ಇಂದು ಹಳ್ಳಿಯವರ ಬಾಯಲ್ಲಿಯೂ ಬಳಕೆಯಾಗಿರುವ ಪರೀಕ್ಷೆಯ ಯುಗವು 1971ರಲ್ಲಿ ಆರಂಭವಾಯಿತು. ಆ ವರ್ಷದ ಅಕ್ಟೋಬರಿನಲ್ಲಿ ಲಂಡನ್ನಿನ ಅಟ್ಕಿನ್‌ಸನ್ ಮಾರ್ಲಿ ಆಸ್ಪತ್ರೆಯಲ್ಲಿ, ಹೌನ್ಸ್‌ಫೀಲ್ಡ್ ಎಂಬ ಇಂಜಿನಿಯರು ನಿರ್ಮಿಸಿದ ಯಂತ್ರದಿಂದ ಜೀವಂತ ಮನುಷ್ಯನ ಮೆದುಳನ್ನು ಪದರಪದರವಾಗಿ ಚಿತ್ರಿಸಲಾಯಿತು. ಕ್ಷ-ಕಿರಣವನ್ನು ಸುತ್ತಲಿಂದಲೂ ಹಾಯಿಸಿ, ಬಂದ ಛಾಯೆಗಳನ್ನೆಲ್ಲ ಗಣಿತದಿಂದ ಜೋಡಿಸಿ ಒಳಗಿನ ಆಕಾರವನ್ನು ಮರಳಿ ಕಟ್ಟುವುದೇ ಇದರ ತಂತ್ರ. ಹೌನ್ಸ್‌ಫೀಲ್ಡ್ ಮತ್ತು ಕಾರ್ಮಾಕ್ ಇಬ್ಬರೂ ಇದಕ್ಕಾಗಿ 1979ರ ನೊಬೆಲ್ ಪಾರಿತೋಷಕವನ್ನು ಪಡೆದರು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ರಾಮನ್ನರ ಶಿಷ್ಯರಾಗಿ ಬೆಳೆದು, ಮುಂದೆ ಅಲ್ಲಿಯೇ ಪ್ರಾಧ್ಯಾಪಕರಾದ ಜಿ. ಎನ್. ರಾಮಚಂದ್ರನ್ನರು ಲಕ್ಷ್ಮೀನಾರಾಯಣನ್ನರೊಡನೆ ಅದೇ 1971ರಲ್ಲಿ, ಇಂಥ ಛಾಯೆಗಳಿಂದ ಆಕಾರವನ್ನು ಶೀಘ್ರವಾಗಿ ಮರಳಿ ಕಟ್ಟುವ ಗಣಿತವಿಧಾನವೊಂದನ್ನು ಪ್ರಕಟಿಸಿದರು. ಮುಂದೆ ಬಂದ ಸ್ಕ್ಯಾನ್ ಯಂತ್ರಗಳಿಗೆ ಆ ಬಗೆಯ ಗಣಿತವೇ ಆಧಾರವಾಯಿತು. ಶಿವನಸಮುದ್ರದ ಶಕ್ತಿಯಂತೆ ಈ ವಿದ್ಯೆಯೂ ಮೊದಲು ಹೊರಗೆ ಹೋಗಿ, ಬಹುಕಾಲದ ಮೇಲೆ ಯಂತ್ರರೂಪವನ್ನು ತಾಳಿ ಮರಳಿ ಬಂದಿತು.

ಅಯಸ್ಕಾಂತದ ಬಲದಿಂದ ದೇಹವನ್ನು ಚಿತ್ರಿಸುವ ಎಂ.ಆರ್.ಐ. ವಿಧಾನವು ಅದರ ಹಿಂದೆಯೇ ಬೆಳೆಯಿತು. ಇಷ್ಟರಲ್ಲಿ ಬೆಂಗಳೂರು ತಜ್ಞರ ಕ್ಷೇತ್ರವಾಯಿತು. 1973ರಲ್ಲಿ ಅರ್ಬುದರೋಗಕ್ಕಾಗಿ ಕಿದ್ವಾಯಿ ಸಂಸ್ಥೆಯೂ, 1974ರಲ್ಲಿ ಮನಸ್ಸು ನರಗಳ ರೋಗಗಳಿಗಾಗಿ ನಿಮ್ಹಾನ್ಸ್ ಸಂಸ್ಥೆಯೂ ರೂಪುಗೊಂಡುವು; ಹೃದ್ರೋಗಕ್ಕೆ ಜಯದೇವ ಸಂಸ್ಥೆಯು ಬಂದಿತು. ಮಂಡ್ಯ ಮದ್ದೂರುಗಳಿಂದ ಬೆಳಗಿನ ಜಾವದ ರೈಲನ್ನೇರಿ, ಚೀಟಿಗಾಗಿ ಸಾಲಿನಲ್ಲಿ ನಿಂತು, ಚಿತ್ರ ತೆಗೆಸುವ ದಿನವನ್ನು ಗುರುತು ಹಾಕಿಸಿಕೊಂಡು ಸಂಜೆಯ ರೈಲಿಗೆ ಮರಳುವುದು ಎಷ್ಟೋ ಸಂಸಾರಗಳಿಗೆ ಅಭ್ಯಾಸವಾಯಿತು.

ಬೆಂಗಳೂರನ್ನೂ ಮೀರಿ ವಿದೇಶಕ್ಕೆ ಹೋದವರು ಈ ಜಿಲ್ಲೆಯಲ್ಲಿ ವಿರಳ. ಲೋಕವರಿತ ನಿದರ್ಶನವೆಂದರೆ ಮದ್ದೂರು ತಾಲ್ಲೂಕಿನ ದೊಡ್ಡರಸಿನಕೆರೆಯವರಾದ ನಟ ಅಂಬರೀಷರದು. ಮಂಡ್ಯದ ಶಾಸಕರೂ ಸಚಿವರೂ ಆಗಿದ್ದ ಅವರು 2014ರಲ್ಲಿ ಉಸಿರಾಟದ ತೊಂದರೆಯಿಂದ ಬೆಂಗಳೂರಿನ ಆಸ್ಪತ್ರೆಯನ್ನು ಸೇರಿ, ಅಲ್ಲಿಂದ ಸಿಂಗಪುರದ ಮೌಂಟ್ ಎಲಿಜಬೆತ್ ಆಸ್ಪತ್ರೆಗೆ ಹೋಗಿ ಗುಣಮುಖರಾಗಿ ಮರಳಿದರು, 2018ರಲ್ಲಿ ತೀರಿಕೊಂಡರು. ಅವರು ಸಿಂಗಪುರದಲ್ಲಿದ್ದ ದಿನಗಳಲ್ಲಿ ಮಂಡ್ಯದ ಅಭಿಮಾನಿಗಳು ಗುಡಿಗಳಲ್ಲಿ ಪೂಜೆ ಮಾಡಿಸಿದರು. ಹಕೀಂ ನಂಜುಂಡನ ನಾಡಿಗೆ ಇದು ಸಹಜವೇ.

ಅದೇ ಕಾಲದಲ್ಲಿ ಪ್ರವಾಹವು ಎದುರು ದಿಕ್ಕಿಗೂ ಹರಿಯುತ್ತಿದ್ದಿತು. ಸಿಂಗಪುರಕ್ಕೆ ಇಲ್ಲಿಂದ ಹೋಗುವವರು ಬೆರಳೆಣಿಕೆಯಷ್ಟಾದರೆ, ಅರಬ್ ದೇಶಗಳಿಂದಲೂ ಆಫ್ರಿಕಾ ಖಂಡದಿಂದಲೂ ಬಾಂಗ್ಲಾದೇಶದಿಂದಲೂ ಬೆಂಗಳೂರಿಗೆ ಬರುವವರು ಬಹುಮಂದಿ. 2003ರಲ್ಲಿ ಪಾಕಿಸ್ತಾನದ ಪುಟ್ಟ ಬಾಲಕಿಯೊಬ್ಬಳು ಲಾಹೋರ್ ದೆಹಲಿ ಬಸ್ಸಿನಲ್ಲಿ ಗಡಿ ದಾಟಿ ಬಂದು, ಬೆಂಗಳೂರಿನ ನಾರಾಯಣ ಹೃದಯಾಲಯದಲ್ಲಿ ಹೃದಯದ ಶಸ್ತ್ರಚಿಕಿತ್ಸೆಯನ್ನು ಪಡೆದಾಗ ಎರಡು ದೇಶಗಳ ಜನರೂ ಅವಳಿಗಾಗಿ ಹಾರೈಸಿದರು. ವೈದ್ಯಕೀಯ ವೀಸಾ ಎಂಬ ಪ್ರತ್ಯೇಕ ಅನುಮತಿಪತ್ರವನ್ನೇ ಭಾರತ ಸರ್ಕಾರವು ಇಂಥವರಿಗಾಗಿ ಏರ್ಪಡಿಸಿದೆ.

ಪರದೇಶದವರು ಬರುವುದೇಕೆ? ಲೋಕದಲ್ಲಿ ಇದಕ್ಕೆ ಮೂರು ಕಾರಣಗಳುಂಟು. ಕೆಲವು ದೇಶಗಳಲ್ಲಿ ಯಂತ್ರವಾಗಲಿ ತಜ್ಞರಾಗಲಿ ಇಲ್ಲ. ಅಮೆರಿಕದಂಥ ದೇಶದಲ್ಲಿ ಎರಡೂ ಉಂಟು, ಬೆಲೆಯು ಭರಿಸತಕ್ಕದ್ದಲ್ಲ. ಇಂಗ್ಲೆಂಡು ಕೆನಡಾಗಳಲ್ಲಿ ಸರ್ಕಾರವೇ ವೆಚ್ಚವನ್ನು ಹೊರುವುದು, ಆದರೆ ಸರದಿಗಾಗಿ ಬಹುಕಾಲ ಕಾಯಬೇಕು. ಕಾಯಲಾರದ ಕೆನಡಾದವರು ಗಡಿ ದಾಟಿ ಅಮೆರಿಕದಲ್ಲಿ ಹಣ ತೆತ್ತು ಚಿತ್ರ ತೆಗೆಸುವುದುಂಟು. ಅಭಾವ, ಬೆಲೆ, ವಿಳಂಬ ಎಂಬ ಈ ಮೂರೂ ಮಳವಳ್ಳಿಯ ರೈತನಿಗೂ ಅಪರಿಚಿತವಲ್ಲ. ಅವನ ಗಡಿಯು ಮಾತ್ರ ತಾಲ್ಲೂಕಿನದು.

ಬೆಲೆಯ ಮರ್ಮವನ್ನು ತಿಳಿಯುವುದು ಕಷ್ಟವಲ್ಲ. ಎಂ.ಆರ್.ಐ. ಯಂತ್ರದ ಬೆಲೆಯು ಕೋಟಿಗಳಲ್ಲಿದೆ. ಅದರ ಅಯಸ್ಕಾಂತವನ್ನು ದ್ರವರೂಪದ ಹೀಲಿಯಮ್ಮಿನಿಂದ ಸೊನ್ನೆಗಿಂತ ಸುಮಾರು 269 ಡಿಗ್ರಿ ಕೆಳಗಿನ ಶೈತ್ಯದಲ್ಲಿಡಬೇಕು. ದಿನಕ್ಕೆ ನಾಲ್ವರು ಬರಲಿ, ನಲವತ್ತು ಮಂದಿ ಬರಲಿ, ಈ ಖರ್ಚಿನ ಬಹುಭಾಗವು ಒಂದೇ. ಆಲೆಮನೆಯ ಕೊಪ್ಪರಿಗೆಯಂತೆ ಇದು. ಬೆಂಕಿ ಹೊತ್ತಿಸಿದ ಮೇಲೆ ಹಾಲು ಹೆಚ್ಚು ಬಂದಷ್ಟೂ ಬೆಲ್ಲದ ಅಚ್ಚಿಗೆ ತಗಲುವ ಸೌದೆಯ ವೆಚ್ಚ ಕಡಿಮೆ. ಜನಸಂದಣಿಯಿರುವ ಪಟ್ಟಣದಲ್ಲಿ ಒಬ್ಬೊಬ್ಬರ ಪಾಲಿಗೆ ಬರುವ ವೆಚ್ಚವು ಇಳಿಯುವುದು. ಸಣ್ಣ ಊರಿನಲ್ಲಿ ಅದೇ ಏರುವುದು. ಆದಕಾರಣ ಯಂತ್ರವು ಜನವಿದ್ದೆಡೆಗೆ ಹೋಗುವುದು, ಜನರು ಯಂತ್ರವಿದ್ದೆಡೆಗೆ ಹೋಗುವರು. ಈ ಚಕ್ರವನ್ನು ಮುರಿಯಬೇಕಾದರೆ ವೆಚ್ಚವನ್ನು ಹಲವರು ಹಂಚಿಕೊಳ್ಳಬೇಕು.

ಆ ಹಂಚಿಕೆಯ ದೊಡ್ಡ ಪ್ರಯತ್ನವೊಂದು ಮದ್ದೂರಿನವರ ಆಡಳಿತದಲ್ಲಿಯೇ ನಡೆದುದು ಜಿಲ್ಲೆಯ ಹೆಮ್ಮೆ. ಸೋಮನಹಳ್ಳಿಯ ಎಸ್. ಎಂ. ಕೃಷ್ಣರವರು ಮುಖ್ಯಮಂತ್ರಿಗಳಾಗಿದ್ದಾಗ, ಡಾಕ್ಟರ್ ದೇವಿ ಶೆಟ್ಟರ ಸಲಹೆಯಂತೆ 2002ನೆಯ ನವೆಂಬರಿನಲ್ಲಿ ಯಶಸ್ವಿನಿ ಯೋಜನೆಯು ಉದ್ಘಾಟಿತವಾಗಿ, 2003ನೆಯ ಜೂನ್ ತಿಂಗಳಿಂದ ನಡೆಯತೊಡಗಿತು. ಸಹಕಾರ ಸಂಘದ ಸದಸ್ಯನಾದ ರೈತನು ವರ್ಷಕ್ಕೆ 60 ರೂಪಾಯಿ, ಎಂದರೆ ತಿಂಗಳಿಗೆ 5 ರೂಪಾಯಿ ಕೊಟ್ಟರೆ, ಗೊತ್ತಾದ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಯು ಹಣವಿಲ್ಲದೆ ನಡೆಯುತ್ತಿದ್ದಿತು, ವೈದ್ಯರ ಅಭಿಪ್ರಾಯವು ಉಚಿತವಾಗಿದ್ದಿತು, ಪರೀಕ್ಷೆಗಳಿಗೆ ರಿಯಾಯಿತಿಯಿದ್ದಿತು. ಮೊದಲ ವರ್ಷವೇ ಸುಮಾರು 16 ಲಕ್ಷ ಮಂದಿ ಸೇರಿದರು. ಹಾಲಿನ ಸಂಘದಲ್ಲಿ ಹಾಲನ್ನು ಹಂಚಿಕೊಂಡಂತೆಯೇ ರೋಗದ ಭಾರವನ್ನೂ ಹಂಚಿಕೊಂಡರೆಂದು ಹೇಳಬೇಕು. 2018ರಲ್ಲಿ ಅದು ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಲೀನವಾಗಿ, ಜನರ ಅಪೇಕ್ಷೆಯಂತೆ 2023ನೆಯ ಜನವರಿಯಿಂದ ಮತ್ತೆ ಪ್ರತ್ಯೇಕವಾಗಿ ಆಚರಣೆಗೆ ಬಂದಿತು. 2024ನೆಯ ಡಿಸೆಂಬರಿನಲ್ಲಿ ಕೃಷ್ಣರವರ ಅಂತ್ಯಕ್ರಿಯೆಯು ಸೋಮನಹಳ್ಳಿಯಲ್ಲಿಯೇ ನಡೆಯಿತು.

ಹಂಚಿಕೆಯೊಡನೆ ಸಾಮೀಪ್ಯವೂ ಬರತೊಡಗಿತು. 1986ರಲ್ಲಿ ಬಾಲಗಂಗಾಧರನಾಥ ಸ್ವಾಮಿಗಳವರ ಆಶ್ರಯದಲ್ಲಿ ನಾಗಮಂಗಲ ತಾಲ್ಲೂಕಿನ ಬೆಳ್ಳೂರಿನ ಬಳಿ ಆದಿಚುಂಚನಗಿರಿ ವೈದ್ಯಕೀಯ ವಿದ್ಯಾಲಯವು ಸ್ಥಾಪಿತವಾಯಿತು. 2006ರಲ್ಲಿ ಮಂಡ್ಯದ ಜಿಲ್ಲಾ ಆಸ್ಪತ್ರೆಗೆ ಸೇರಿದಂತೆ ಸರ್ಕಾರದ ವೈದ್ಯಕೀಯ ವಿದ್ಯಾಲಯವು ಆರಂಭವಾಯಿತು. ಜನರು ಅದನ್ನು ಮಿಮ್ಸ್ ಎನ್ನುವರು. ಹೃದ್ರೋಗಕ್ಕೆ ಜಯದೇವ ಸಂಸ್ಥೆಯ ಶಾಖೆಯು ಮೈಸೂರಿಗೇ ಬಂದಿತು. ದಾರಿಯೂ ಹತ್ತಿರವಾಯಿತು. 2023ನೆಯ ಮಾರ್ಚ್ 12ರಂದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಉದ್ಘಾಟಿತವಾದ 118 ಕಿಲೋಮೀಟರಿನ ಹೆದ್ದಾರಿಯು ಬೆಂಗಳೂರು ಮೈಸೂರುಗಳ ನಡುವಣ ಕಾಲವನ್ನು ಬಹಳವಾಗಿ ಕುಗ್ಗಿಸಿತು. ಆದರೆ ಅದೇ ಆಗಸ್ಟ್ 1ರಿಂದ ಮೋಟಾರು ಬೈಸಿಕಲ್ಲು, ಆಟೋ, ಟ್ರ್ಯಾಕ್ಟರುಗಳಿಗೆ ಅದರ ಮುಖ್ಯ ಪಥದಲ್ಲಿ ಪ್ರವೇಶ ನಿಷಿದ್ಧವಾಯಿತು. ಅಪಘಾತಗಳನ್ನು ತಡೆಯಲು ಇದು ಅಗತ್ಯವೇ ಇದ್ದೀತು. ಆದರೂ ಹಳ್ಳಿಯ ರೋಗಿಯನ್ನು ಅವಸರಕ್ಕೆ ಹೊತ್ತೊಯ್ಯುವ ಬಂಡಿಗಳು ಇವೇ ಆಗಿರುವುದರಿಂದ, ಮಗ್ಗುಲ ರಸ್ತೆಯ ನಿಧಾನಗತಿಯೇ ಅವನ ಪಾಲಿಗೆ ಉಳಿಯಿತು.

ಆಯುರ್ವೇದದಲ್ಲಿ ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳಿದ್ದಾರೆ: ವೈದ್ಯ, ಔಷಧ, ಪರಿಚಾರಕ, ರೋಗಿ. ಪ್ರಯಾಣದ ವೆಚ್ಚವನ್ನೆಣಿಸುವಾಗ ಪರಿಚಾರಕನನ್ನು ಎಲ್ಲರೂ ಮರೆಯುವರು. ತಾಯಿಯನ್ನು ಸ್ಕ್ಯಾನಿಗೆ ಕರೆದೊಯ್ಯುವ ಮಗನಿಗೆ ಅಂದಿನ ಕೂಲಿಯಿಲ್ಲ. ಗಂಡನೊಡನೆ ಹೋಗುವ ಹೆಂಡತಿಯ ಕರುವಿಗೆ ಹುಲ್ಲು ಹಾಕುವವರಿಲ್ಲ. ಚಿತ್ರದ ಬೆಲೆಯು ಉಚಿತವೆಂದಾದರೂ ಬಸ್ಸು, ಊಟ, ಕಳೆದ ದಿನ, ಮತ್ತೆ ಬರಬೇಕೆಂಬ ಇನ್ನೊಂದು ದಿನ, ಇವು ಉಚಿತವಲ್ಲ. ಎರಡನೆಯ ಸಲ ಹೋಗಲಾರದೆ ನಿಲ್ಲುವವರು ಇದರಿಂದಲೇ. ಮೊದಲನೆಯ ಭೇಟಿಯಲ್ಲಿ ತೆಗೆದ ಚಿತ್ರವು ಮನೆಯ ಬೀರುವಿನ ಮೇಲೆ ಹಳದಿಯ ಲಕೋಟೆಯಲ್ಲಿ ಉಳಿಯುವುದು. ಅದನ್ನೋದಿ ಹೇಳುವವರ ಮಾತು ಮಾತ್ರ ಮನೆಗೆ ಬರುವುದೇ ಇಲ್ಲ. ಚಿತ್ರವು ದರ್ಶನವಷ್ಟೇ, ಸ್ಪರ್ಶನ ಪ್ರಶ್ನಗಳು ಸೇರಿದಾಗಲೇ ಅದು ನಿದಾನವಾಗುವುದು.

ಈ ಕಾಲದ ವಿದ್ಯೆಯು ಇದಕ್ಕೂ ದಾರಿಯನ್ನು ತೋರಿಸಿದೆ. 2002ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಟೆಲಿರೇಡಿಯಾಲಜಿ ಸೊಲ್ಯೂಷನ್ಸ್ ಎಂಬ ಸಂಸ್ಥೆಯು ಅಮೆರಿಕದ ಆಸ್ಪತ್ರೆಗಳಲ್ಲಿ ರಾತ್ರಿ ತೆಗೆದ ಚಿತ್ರಗಳನ್ನು ಇಲ್ಲಿಯ ಹಗಲಿನಲ್ಲಿ ಓದಿ ಅಭಿಪ್ರಾಯವನ್ನು ಕಳುಹಿಸುವ ಕೆಲಸವನ್ನು ಕೈಗೊಂಡಿತು. ಅದೇ ವರ್ಷ ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯ ಉಪಗ್ರಹದ ಮೂಲಕ ನೆರೆಯ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯನ್ನು ಬೆಂಗಳೂರಿನ ಹೃದಯ ತಜ್ಞರೊಡನೆ ಜೋಡಿಸಲಾಯಿತು. ಸಾವಿರಾರು ಮೈಲಿಗಳಾಚೆಯ ಚಿತ್ರವು ಬೆಂಗಳೂರಿಗೆ ಕ್ಷಣದಲ್ಲಿ ಬರಬಲ್ಲುದಾದರೆ, ಮಳವಳ್ಳಿಯ ಚಿತ್ರವು ಬರಲಾರದೆ? ರೋಗಿಯು ನಡೆಯುವ ಬದಲು ಚಿತ್ರವೇ ನಡೆಯುವಂತಾದರೆ, ನಾಗೇನಹಳ್ಳಿಯ ಸೂಕ್ಷ್ಮದರ್ಶಕದ ಕಾಲವು ಬೇರೊಂದು ರೂಪದಲ್ಲಿ ಮರಳಿದಂತಾಗುವುದು. ಆದರೆ ಬಂದ ಅಭಿಪ್ರಾಯವನ್ನು ರೋಗಿಯ ಮನೆಯವರಿಗೆ ಕನ್ನಡದಲ್ಲಿ, ಅವರ ಮುಖವನ್ನು ನೋಡಿ ತಿಳಿಯಹೇಳುವ ಒಬ್ಬ ವೈದ್ಯನು ತಾಲ್ಲೂಕಿನಲ್ಲಿರಲೇಬೇಕು. ಆ ಕೊನೆಯ ಮಾತಿಗೆ ತಂತಿಯೂ ಉಪಗ್ರಹವೂ ಬದಲಾಗಲಾರವು.

ಕನ್ನಡದಲ್ಲಿ ನಿದಾನವೆಂಬುದಕ್ಕೂ ನಿಧಾನವೆಂಬುದಕ್ಕೂ ಇರುವ ಭೇದ ಒಂದೇ ಪ್ರಾಣದ್ದು. ಉಚ್ಚಾರಣೆಯಲ್ಲಿ ಹಲವರು ಅದನ್ನೂ ಗಮನಿಸರು. ನಿದಾನವು ನಿಧಾನವಾದರೆ ನಿಧನಕ್ಕೆ ದೂರವಿಲ್ಲವೆಂಬುದನ್ನು ಮಾತ್ರ ರೋಗಿಯ ಮನೆಯವರು ಚೆನ್ನಾಗಿ ಬಲ್ಲರು. ಅದರಿಂದಲೇ ಅವರು ಸಾಲ ಮಾಡಿಯಾದರೂ, ಕಬ್ಬಿನ ಹಣ ಬರುವ ಮುಂಚೆಯೇ, ಬೆಳಗಿನ ಜಾವದ ಬಸ್ಸನ್ನು ಹತ್ತುವರು. ಅಂಥ ಬಸ್ಸು ಮಳವಳ್ಳಿಯಿಂದ ದಿನವೂ ಹೊರಡುತ್ತದೆ. ಕಿಟಕಿಯ ಪಕ್ಕದಲ್ಲಿ ರೋಗಿ, ಅವರ ಮಗ್ಗುಲಲ್ಲಿ ಪರಿಚಾರಕ, ಮಡಿಲಲ್ಲಿ ಹಳದಿಯ ಲಕೋಟೆ.